ಓಡಿ ನಿಂತ ಮೇಲೆ ಎದೆ ಬಿಗಿಯುತ್ತದೆಯೇ? ಹೀಗೆ ಮಾಡಿ

ಚಳಿಗಾಲದ ಬೆಳಗು. ಶಿವಮೊಗ್ಗವಿರಲಿ, ಸಾಗರ, ತೀರ್ಥಹಳ್ಳಿ ಇರಲಿ, ಮಂಜು ಕರಗುವ ಮೊದಲೇ ಮೈದಾನದಲ್ಲಿ ಓಟ ಶುರು. ಪೊಲೀಸ್ ನೇಮಕಾತಿಯ 1600 ಮೀಟರ್‌ಗೆ ತಯಾರಾಗುವ ಹುಡುಗರು ಒಂದು ಕಡೆ, ಶುಗರ್ ಇಳಿಸಲು ಬಂದವರು ಇನ್ನೊಂದು ಕಡೆ. ಇವರಲ್ಲಿ ಕೆಲವರಿಗೆ ಓಡಿ ನಿಂತ ಮೇಲೆ ಎದೆ ಬಿಗಿಯುತ್ತದೆ. ಒಣ ಕೆಮ್ಮು, ಸುಂಯ್ ಎನ್ನುವ ಉಸಿರು. ‘ಸ್ಟ್ಯಾಮಿನಾ ಸಾಲದು’ ಎಂದು ಸುಮ್ನೆ ಬಿಡುತ್ತಾರೆ. ವ್ಯಾಯಾಮದಿಂದ ಕೆರಳುವ ಅಸ್ತಮಾ ಇರಬಹುದು.

ಮೊದಲು ಹೃದಯದ ಅನುಮಾನ ಕಳೆಯಿರಿ. ನೋವು ಎಡಗೈ, ದವಡೆಗೆ ಹರಡಿದರೆ, ತಣ್ಣನೆ ಬೆವರು ಬಂದರೆ, ಓಡುವಾಗ ತಲೆಸುತ್ತಿ ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು ‘ಗ್ಯಾಸ್ಟ್ರಿಕ್’ ಎಂದುಕೊಂಡು ಕೂರಬೇಡಿ.

ಹೊತ್ತು ಗಮನಿಸಿ. ಬರೀ ಸುಸ್ತಿನ ಏದುಸಿರು ನಿಂತ ಮೇಲೆ ಇಳಿಯುತ್ತಾ ಹೋಗುತ್ತದೆ. ಅಸ್ತಮಾದ್ದು ಹೆಚ್ಚಾಗಿ ನಿಂತ ಮೇಲೆ ಐದು-ಹತ್ತು ನಿಮಿಷದಲ್ಲಿ ಜಾಸ್ತಿಯಾಗಿ, ಅರ್ಧ-ಒಂದು ಗಂಟೆಯಲ್ಲಿ ತಗ್ಗುತ್ತದೆ. ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ಇದೇ ಬೇಕು.

ಹೀಗೇಕೆ? ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಒಳಗೆ ಬಿಡುತ್ತದೆ. ಜೋರಾಗಿ ಓಡುವಾಗ ಬಾಯಿಯಿಂದ ಉಸಿರೆಳೆಯುತ್ತೇವೆ. ತಣ್ಣನೆಯ, ಒಣ ಗಾಳಿ ನೇರ ಒಳಗೆ ನುಗ್ಗಿ ಶ್ವಾಸನಾಳ ಒಣಗುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ನಮ್ಮಲ್ಲಿ ಇದರ ಜೊತೆಗೆ ಬಚ್ಚಲೊಲೆ ಹೊಗೆ, ಅಡಿಕೆ ಬೇಯಿಸುವ ಹೊಗೆ ಬೇರೆ! ಮಳೆಗಾಲದ ತೇವದ ಗಾಳಿ ಓಟಕ್ಕೆ ಅಷ್ಟು ಕಾಟ ಕೊಡದು. ಆದರೆ ಗೋಡೆಯ ಬೂಸ್ಟು ಕೆಲವರಿಗೆ ಆಗಿಬರುವುದಿಲ್ಲ.

ಪರೀಕ್ಷೆ ಮಾಡಿಸಿ. ಸುಮ್ಮನೆ ಕೂತಾಗ ಎದೆ ಪರೀಕ್ಷಿಸಿದರೆ ಏನೂ ಸಿಗದಿರಬಹುದು. ಓಡಿಸುವ ಮೊದಲು ಮತ್ತು ಓಡಿಸಿದ ಮೇಲೆ ಸ್ಪೈರೋಮೆಟ್ರಿ, ಅಂದರೆ ಕೊಳವೆಯಲ್ಲಿ ಜೋರಾಗಿ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಮಾಡುತ್ತಾರೆ. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಶೇ 10ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅಸ್ತಮಾದ ಸುಳಿವು.

ಇನ್ಹೇಲರ್ ಸರಿಯಾಗಿ ಎಳೆಯಿರಿ. ಸಾಮಾನ್ಯವಾಗಿ ಓಟಕ್ಕೆ 10–15 ನಿಮಿಷ ಮೊದಲು ಸಾಲ್ಬುಟಮಾಲ್ (ಬಿಗಿದ ಶ್ವಾಸನಾಳ ಸಡಿಲಿಸುವ ಔಷಧ) ಪಫ್ ಹೇಳುತ್ತಾರೆ. ಚೆನ್ನಾಗಿ ಅಲುಗಾಡಿಸಿ. ಉಸಿರು ಹೊರಬಿಟ್ಟು, ಒತ್ತುತ್ತಲೇ ನಿಧಾನ ಒಳಗೆಳೆದು, ಹತ್ತು ಎಣಿಸುವವರೆಗೆ ಹಿಡಿಯಿರಿ. ಕೈ-ಉಸಿರು ಹೊಂದದಿದ್ದರೆ ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ) ಕೇಳಿ. ದಿನಾ ಇದೇ ಬೇಕಾಗುತ್ತಿದೆಯೇ? ಹಾಗಾದರೆ ನಾಳದ ಊತಕ್ಕೇ ಔಷಧ ಬೇಕು, ಅಂದರೆ ಸ್ಟೀರಾಯ್ಡ್ ಇನ್ಹೇಲರ್. ಹೆಸರು ಕೇಳಿ ಹೆದರಬೇಡಿ, ಎಳೆದ ಮೇಲೆ ಬಾಯಿ ಮುಕ್ಕಳಿಸಿ. ‘ಇನ್ಹೇಲರ್ ಚಟ ಆಗುತ್ತೆ’ ಅನ್ನುವ ಮಾತಿಗೆ ಅರ್ಥವಿಲ್ಲ. ಆ ಮಾತು ನಂಬಿ ಆಟವನ್ನೇ ಬಿಡುವ ಮಕ್ಕಳನ್ನು ನೋಡಿದರೆ ಬೇಜಾರಾಗುತ್ತದೆ.

ಮೈ ಬಿಸಿ ಮಾಡಿಕೊಳ್ಳಿ. ಹತ್ತು-ಹದಿನೈದು ನಿಮಿಷ ನಡಿಗೆ, ನಡುನಡುವೆ ಚಿಕ್ಕ ಓಟ. ಚಳಿಯಿದ್ದರೆ ಮೂಗು-ಬಾಯಿಗೆ ತೆಳು ಬಟ್ಟೆ. ಬಿಸಿಲು ಬಿದ್ದ ಮೇಲೆ ಓಡಿದರೆ ಇನ್ನೂ ಒಳ್ಳೆಯದು. ಓಟ ಮುಗಿದಾಗ ಥಟ್ಟನೆ ನಿಲ್ಲಬೇಡಿ, ನಿಧಾನ ನಡೆಯಿರಿ.

ಬಿಗಿತ ಶುರುವಾದರೆ ಓಟ ನಿಲ್ಲಿಸಿ, ನೆಟ್ಟಗೆ ಕೂರಿ, ಮಲಗಬೇಡಿ. ಡಾಕ್ಟರ್ ಹೇಳಿಕೊಟ್ಟಷ್ಟು ಪಫ್ ಎಳೆಯಿರಿ. ಇಳಿಯದಿದ್ದರೆ, ಒಂದು ಮಾತು ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಘಟ್ಟದ ಒಳಗಿನ ಊರಾದರೆ ಅವರನ್ನೇ ಕೇಳಿ ನೋಡಿ, ಪಕ್ಕದ ಮನೆಯ ಜೀಪಿನಲ್ಲಿ ಆಂಬುಲೆನ್ಸ್‌ಗೆ ಎದುರಾಗಿ ಹೊರಡುವುದು ಬೇಗವಾಗಬಹುದು. ಇನ್ಹೇಲರ್ ಬ್ಯಾಗಿನಲ್ಲಲ್ಲ, ಜೇಬಿನಲ್ಲಿರಲಿ. ಮಕ್ಕಳಾದರೆ ಪಿ.ಟಿ. ಮೇಷ್ಟ್ರಿಗೂ ಒಂದು ಮಾತು ಹೇಳಿಡಿ.