ಮಾಟುಂಗಾಕ್ಕೆ ಹೋಗುವವರು ಇಳಿಯಬೇಕಾದ ನಿಲ್ದಾಣ

ಮುಂಬೈಯ ಮೈಸೂರು ಅಸೋಸಿಯೇಷನ್‌ಗೋ ಅಲ್ಲಿನ ಉಡುಪಿ ಹೋಟೆಲುಗಳಿಗೋ ಹೋಗುವವರು ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಲ್ಲಿ ಇಳಿದು ಪೂರ್ವ ದಿಕ್ಕಿಗೆ ಹೊರಬರಬೇಕು. ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್ ಬೇರೆಯೇ ನಿಲ್ದಾಣ. ಮಾಟುಂಗಾದಲ್ಲಿ ಸ್ಲೋ ಲೋಕಲ್‌ಗಳು ಮಾತ್ರ ನಿಲ್ಲುವುದರಿಂದ, ಶರಾವತಿ ಎಕ್ಸ್‌ಪ್ರೆಸ್‌ನಲ್ಲಿ ದಾದರಿಗೆ ಬಂದಿಳಿದವರು ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ ‘ಎಸ್’ ಅಕ್ಷರವನ್ನು ನೋಡಿಕೊಂಡೇ ಹತ್ತಬೇಕು. ಮುಂದಿನ ನಿಲ್ದಾಣವೇ ಮಾಟುಂಗಾ. ಫಾಸ್ಟ್ ಲೋಕಲ್ ಹತ್ತಿದರೆ ಕುರ್ಲಾ ಅಥವಾ ಅದರಾಚೆಯಿಂದ ಮರಳಬೇಕಾಗುತ್ತದೆ. ಲಗೇಜು ಹೆಚ್ಚಿದ್ದರೆ ಬೆಳಗಿನ ಜನಸಂದಣಿ ಕಳೆಯುವವರೆಗೆ ಕಾಯುವುದು ಲೇಸು.

ಟಿಕೆಟ್ ಕೌಂಟರ್, ತಪಾಸಣೆ, ಭದ್ರತೆಯಿಂದ ಹಿಡಿದು ಸ್ಟೇಷನ್ ಮ್ಯಾನೇಜರ್ ಹುದ್ದೆಯವರೆಗೆ ಎಲ್ಲವನ್ನೂ ಮಹಿಳೆಯರೇ ನಿರ್ವಹಿಸುವ ವ್ಯವಸ್ಥೆ 2017ರಲ್ಲಿ ಜಾರಿಗೆ ಬಂದದ್ದು ಇದೇ ನಿಲ್ದಾಣದಲ್ಲಿ. ದೇಶದ ಉಪನಗರ ರೈಲು ನಿಲ್ದಾಣಗಳಲ್ಲಿ ಅದು ಮೊದಲನೆಯದು, ನಿಜಕ್ಕೂ ಹೆಮ್ಮೆಪಡಬೇಕಾದ ಸಂಗತಿ.