ಬಿಪಿ ನೋಡುವಾಗ ಕೈ ಎಲ್ಲಿಟ್ಟಿದ್ದೀರಿ?

ಮನೆಯಲ್ಲಿ ಬಿಪಿ ನೋಡಿಕೊಳ್ಳುವಾಗ ತೋಳನ್ನು ಮೇಜಿನ ಮೇಲೆ ಸಡಿಲವಾಗಿ ಇಡಿ, ಸುತ್ತಿದ ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಮೇಜು ತಗ್ಗಾಗಿದ್ದರೆ ಕೈ ಕೆಳಗೆ ಒಂದು ದಿಂಬು ಇಟ್ಟರಾಯ್ತು. ಕೈ ಜೋತುಬಿಟ್ಟರೆ ತೋಳಿನಲ್ಲಿರುವ ರಕ್ತದ ಭಾರವೂ ಲೆಕ್ಕಕ್ಕೆ ಸೇರುತ್ತದೆ. ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 7-8 ಪಾಯಿಂಟ್ ಸುಮ್ನೆ ಜಾಸ್ತಿ ತೋರಿಸುತ್ತದೆ. 132 ಇರಬೇಕಾದದ್ದು 140 ಅಂತ ಬಂದರೆ ಗಾಬರಿಯೇ ಅಲ್ವಾ? ಮೊದಲು 5 ನಿಮಿಷ ಬೆನ್ನು ಒರಗಿಸಿ, ಕಾಲ ಮೇಲೆ ಕಾಲು ಹಾಕದೆ ಕೂತಿರಿ. ಮಾತು ಬೇಡ, ಫೋನಂತೂ ಬೇಡವೇ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಪಟ್ಟಿ ತೋಳಿಗೆ ಬಿಗಿಯಾಗುವಷ್ಟು ಚಿಕ್ಕದಾಗಿದ್ದರೆ ಮಾತ್ರ ಕೈ ಎಲ್ಲಿಟ್ಟರೂ ಅಂಕಿ ಜಾಸ್ತಿಯೇ ಬರುತ್ತದೆ. ಹೃದಯ ಬಡಿತ ಏರುಪೇರಾಗುವವರಿಗೂ ಈ ಯಂತ್ರಗಳು ಸರಿಯಾಗಿ ಹೇಳದೆ ಇರಬಹುದು, ಡಾಕ್ಟರ ಬಳಿ ಸ್ಟೆತಸ್ಕೋಪ್ ಇಟ್ಟು ಕೇಳಿ ನೋಡುವ ಹಳೆಯ ರೀತಿಯಲ್ಲೇ ನೋಡಿಸಿ. ಅಂಕಿ ಕಡಿಮೆ ಬಂತು ಅಂತ ಮಾತ್ರೆ ನಿಲ್ಲಿಸಬೇಡಿ. 180/120 ದಾಟಿ ಎದೆನೋವು, ಉಸಿರುಗಟ್ಟುವಿಕೆ ಅಥವಾ ಮಾತು ತೊದಲುವುದು ಕಂಡರೆ ಮತ್ತೆ ಮತ್ತೆ ಅಳೆಯುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.