ಪತ್ತೇದಾರಿ ಕಾದಂಬರಿ ಬರೆಯುವುದಾದರೆ ಕೊನೆಯಿಂದ ಶುರುಮಾಡಿ

ಮೊದಲ ಅಧ್ಯಾಯದಲ್ಲೇ ಹೆಣ ಬೀಳಿಸಿ, ಕೊಂದವರು ಯಾರೆಂದು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡರೆ ನಾಲ್ಕನೆಯ ಅಧ್ಯಾಯ ದಾಟುವುದೇ ಕಷ್ಟ. ಆದ್ದರಿಂದ ಮೊದಲು ಒಂದೇ ಪುಟದಲ್ಲಿ ನಾಲ್ಕು ಉತ್ತರ ಬರೆದಿಡಿ: ಕೊಂದವರು ಯಾರು, ಯಾಕೆ, ಹೇಗೆ, ಯಾವ ತಪ್ಪಿನಿಂದ ಸಿಕ್ಕಿಬಿದ್ದರು. ನಾಲ್ಕನೆಯದು ಗಟ್ಟಿಯಿಲ್ಲದಿದ್ದರೆ ಕೊನೆಗೆ ಅಪರಾಧಿಯೇ ತಪ್ಪೊಪ್ಪಿಕೊಳ್ಳಬೇಕಾಗುತ್ತದೆ. ಅಲ್ಲಿಗೆ ಪತ್ತೇದಾರನಿಗೆ ಕೆಲಸವೇ ಇಲ್ಲ.

ಎರಡನೆಯದಾಗಿ, ಆ ರಾತ್ರಿಯ ವೇಳಾಪಟ್ಟಿ. ಉದ್ದಕ್ಕೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗಿನ 24 ಅರ್ಧಗಂಟೆಗಳು, ಅಡ್ಡಕ್ಕೆ ಐದು ಶಂಕಿತರು. ನಿಜವಾಗಿ ಮಾಡಿದ್ದನ್ನು ಕಪ್ಪು ಶಾಯಿಯಲ್ಲಿ, ಪೊಲೀಸರಿಗೆ ಹೇಳಿದ್ದನ್ನು ಕೆಂಪಿನಲ್ಲಿ ಬರೆಯಿರಿ. ಐವರೂ ಒಂದೊಂದು ಸುಳ್ಳು ಹೇಳಲಿ. ನಾಲ್ಕು ಸುಳ್ಳುಗಳ ಹಿಂದೆ ಸಾಲ, ಪಾಲುಪಟ್ಟಿ, ಗುಟ್ಟಿನ ಪ್ರೀತಿ ಇಂಥವಿರಲಿ, ಒಂದರ ಹಿಂದೆ ಮಾತ್ರ ಕೊಲೆ.

ಇನ್ನು ಸುಳಿವು. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಒಳ್ಳೆಯ ಸುಳಿವು ಓದುಗರ ಕಣ್ಣೆದುರಿಗೇ ಇರುತ್ತದೆ, ನಮ್ಮ ತೋಟ ಅಂಗಳಗಳಲ್ಲಿ ಅಂಥವು ಬೇಕಾದಷ್ಟಿವೆ. ಜನವರಿಯಲ್ಲಿ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ತೋಟದ ಕೆರೆಯಲ್ಲಿ ಧಣಿಯ ಶವ ತೇಲಿತು ಎಂದಿಟ್ಟುಕೊಳ್ಳಿ. ಅಳಿಯನ ಹೊಸ ಅಂಗಿಯಲ್ಲಿ ನೀಲಿ ಕಲೆ. 'ನಿನ್ನೆ ಅಡಿಕೆಗೆ ಮದ್ದು ಬಿಡುವಾಗ ಆದದ್ದು' ಎನ್ನುತ್ತಾನೆ. 1 ಕಿಲೋ ಮೈಲುತುತ್ತು (ನೀಲಿ ಬಣ್ಣದ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಕೊಳೆರೋಗಕ್ಕೆಂದು ಬಿಡುವುದು ಮಳೆ ಹಿಡಿಯುವ ಮೊದಲು, ಮತ್ತೆ 40–45 ದಿನ ಕಳೆದು. ಜನವರಿಯಲ್ಲಿ ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ! ಕೃಷಿಕ ಓದುಗರಿಗೆ ಇದು ಗೊತ್ತು, ಆದರೂ ಓದಿ ಮುಂದೆ ಹೋಗುತ್ತಾರೆ. ಬೆಂಗಳೂರಿನ ಓದುಗರಿಗೂ ಅನ್ಯಾಯವಾಗಬಾರದು. ಕಳೆದ ಮಳೆಗಾಲದಲ್ಲಿ ಮದ್ದು ಬಿಡಲು ಜನ ಸಿಗಲಿಲ್ಲವೆಂದು ಅಜ್ಜನೊಬ್ಬ ಎರಡನೆಯ ಅಧ್ಯಾಯದಲ್ಲಿ ಗೊಣಗಲಿ.

ಅಂಗಿಯ ಕಲೆಯನ್ನು ಒಂಟಿಯಾಗಿ ತೋರಿಸಬೇಡಿ. ಹರಿದ ಜೇಬು, ನೀಲಿ ಕಲೆ, ಬೀಡಿಯ ವಾಸನೆ ಎಂದು ನಡುವೆ ತೂರಿಸಿ, ಹಿಂದೆಯೇ ಒಂದು ಜಗಳ ಎಬ್ಬಿಸಿ. ಪ್ರತಿ ಮುಖ್ಯ ತೀರ್ಮಾನಕ್ಕೆ ಮೂರು ಸುಳಿವು ಬೇಕು, ಏಕೆಂದರೆ ಓದುಗರು ಒಂದನ್ನು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ. 200 ಪುಟದ ಪುಸ್ತಕವಾದರೆ 50ನೆಯ ಪುಟದೊಳಗೆ ಅಪರಾಧಿ ಒಮ್ಮೆಯಾದರೂ ಮಾತಾಡಿರಬೇಕು.

ಭಾಷೆಯೂ ಸುಳಿವಾಗುತ್ತದೆ. ಮಲಯಾಳ ಓದಲು ಬಾರದು ಎಂದವನು ಮಲಯಾಳದ ಬೋರ್ಡ್ ಮಾತ್ರ ಇರುವ ಬಸ್ಸನ್ನು ಯಾರನ್ನೂ ಕೇಳದೆ ಹತ್ತಿದರೆ ಸಾಕು. ಕಾಸರಗೋಡಿನ ಬರಹಗಾರರು ಈ ಅನುಕೂಲವನ್ನು ಬಿಡಬಾರದು.

ಕಾನೂನಿನ ವಿವರ ಕಡಿಮೆ ಇರಲಿ, ತಪ್ಪಿಲ್ಲದಿರಲಿ. 2024ರ ಜುಲೈ 1ರ ಮೊದಲಿನ ಕೊಲೆಯಾದರೆ ಭಾರತೀಯ ದಂಡ ಸಂಹಿತೆಯ 302, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ 103. ಶವ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿಯ ಆಚೆ ಸಿಕ್ಕಿದರೂ ದೂರನ್ನು ಈಚೆಯ ಠಾಣೆಯಲ್ಲಿ ಶೂನ್ಯ ಎಫ್‌ಐಆರ್ ಆಗಿ ದಾಖಲಿಸಿ, ಅಲ್ಲಿಗೆ ವರ್ಗಾಯಿಸಬಹುದು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. 1980ರ ಕಥೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠರು ಕಣ್ಣೂರಿನವರಿರಬೇಕು. ವೈದ್ಯರ ಬಾಯಲ್ಲಿ '9.20ಕ್ಕೆ ಸತ್ತದ್ದು' ಎಂದು ಹೇಳಿಸಬೇಡಿ. ಶವ ಸಾಮಾನ್ಯವಾಗಿ 2ರಿಂದ 4 ಗಂಟೆಯೊಳಗೆ ಬಿಗಿಯತೊಡಗುತ್ತದೆ, ನಮ್ಮ ಸೆಕೆಗೆ ಆ ಬಿಗಿತ ಬೇಗ ಬಿಡುತ್ತದೆ. ಹಾಗಾಗಿ ಅವರು ಹೇಳಬಲ್ಲದ್ದು ಅಂದಾಜು ಮಾತ್ರ.

ಬರೆಯುವ ಲೆಕ್ಕ ಸರಳ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಬರೆದರೆ 40,000 ಪದ ಸುಮಾರು 27 ವಾರಗಳಲ್ಲಿ ಮುಗಿಯುತ್ತದೆ. ನಡುವೆ ಹಿಂದಿನ ಅಧ್ಯಾಯ ತಿದ್ದಲು ಹೋಗಬೇಡಿ, ಬದಲಾವಣೆಗಳನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಹಾಕಿಡಿ.

ಮುಗಿದ ಮೇಲೆ ಮೂರು ವಾರ ಮುಟ್ಟದೆ ಇಟ್ಟು, ತಿದ್ದಿ, ಇಬ್ಬರಿಗೆ ಓದಲು ಕೊಡಿ. 100 ಮತ್ತು 150ನೆಯ ಪುಟಗಳಲ್ಲಿ ನಿಂತು, ಯಾರ ಮೇಲೆ ಅನುಮಾನವೆಂದು ಚೀಟಿಯಲ್ಲಿ ಬರೆಯಲು ಹೇಳಿ. 100ರಲ್ಲೇ ಇಬ್ಬರೂ ಸರಿಯಾದ ಹೆಸರು ಬರೆದರೆ ಸುಳಿವನ್ನು ಇನ್ನೂ ಒಳಗೆ ಅಡಗಿಸಿ. ಮುಗಿದ ಮೇಲೂ 'ಇವನು ಹೇಗೆ?' ಎಂದು ಕೇಳಿದರೆ ವೇಳಾಪಟ್ಟಿ ತೆರೆದು, ಕೆಂಪು ಶಾಯಿಯ ಯಾವ ಸುಳ್ಳನ್ನು ಕಥೆಯಲ್ಲಿ ಬಯಲು ಮಾಡಲು ಮರೆತಿದ್ದೀರಿ ಎಂದು ಹುಡುಕಿ.